ಮೂರನೇ ಡ್ರಾಯರ್

ಆ ಮಂಗಳವಾರ ನೆವಿಲ್ ಹಿಂಗ್‌ಸ್ಟನ್ ಸಿಕ್ಕಿಬಿದ್ದದ್ದು ಒಂದು ಬಿಸ್ಕತ್ತಿನಿಂದ. ಅಂಗಡಿಯ ಬಿಸ್ಕತ್ತು, ಆನೆಯ ಆಕಾರದ್ದು, ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು. ಅದು ಅವನ ಮೊಮ್ಮಗಳು ಟಿಲಿಯ ಕೋಟಿನ ಜೇಬಿನಲ್ಲಿತ್ತು. ಜೇಬಿಗೆ ಕೈ ಹಾಕಿದವಳು, ಪ್ರತಿ ಮಂಗಳವಾರ ಮಗುವನ್ನು ಅವನ ಬಳಿ ಬಿಟ್ಟು ಕೆಲಸಕ್ಕೆ ಹೋಗುವ ಅವನ ಮಗಳು ಬ್ರಯನಿ.

ಬ್ರಯನಿ ಹಲ್ಲಿನ ದವಾಖಾನೆಯಲ್ಲಿ ಕೆಲಸ ಮಾಡುತ್ತಾಳೆ. ದಿನವಿಡೀ ಅಲ್ವರ್‌ಸ್ಟನ್ ಊರಿನ ಹುಳುಕು ಹಲ್ಲುಗಳನ್ನು ನೋಡಿ ನೋಡಿ, ಸಕ್ಕರೆಯನ್ನು ಎಷ್ಟು ದೂರದಿಂದಲಾದರೂ ಗುರುತು ಹಿಡಿಯುತ್ತಾಳೆ.

"ಇದೇನಪ್ಪ?"

"ಆನೆ," ಎಂದ ನೆವಿಲ್.

"ಆನೆ ಅಂತ ನಂಗೂ ಕಾಣ್ತಿದೆ. ಹೋದ ಮಂಗಳವಾರದಿಂದ ಇವಳ ಜೇಬಲ್ಲಿದೆ ಇದು. ನಾನು ಪೊಟ್ಟಣದ್ದು ಏನೂ ಕೊಡಬೇಡ ಅಂದಿದ್ದೆ."

"ತಿಂದಿಲ್ಲ ಅಂತಾಯ್ತಲ್ಲ."

"ಅದೇ ನಾನು ಹೇಳ್ತಿರೋದು. ಇಲ್ಲಿ ಇವಳು ಏನೂ ತಿನ್ನಲ್ಲ. ಸಂಜೆ ಮನೆಗೆ ಬಂದು ನನ್ನನ್ನ ತಿಂತಾಳೆ." ಬ್ರಯನಿ ಮಗುವನ್ನು ನೆಲಕ್ಕೆ ಇಳಿಸಿದಳು. ಹದಿನಾರು ತಿಂಗಳ ಟಿಲಿ ಸೀದಾ ನಡೆದುಹೋಗಿ ಸೋಫಾದ ಕೆಳಗಿಂದ ಒಂದು ಚಪ್ಪಲಿ ಎಳೆದುಕೊಂಡಳು. "ಶಿಶುವಿಹಾರದವರು ಫೋನ್ ಮಾಡಿದ್ರು. ಮಂಗಳವಾರಕ್ಕೆ ಒಂದು ಜಾಗ ಖಾಲಿಯಾಗಿದೆಯಂತೆ. ಇವತ್ತು ಸಂಜೆ ಐದರೊಳಗೆ ಹೇಳ್ಬೇಕು."

"ಬೇಡ ಅನ್ನು."

"ಬೇಡ ಅನ್ನೋಕೆ ಒಂದು ಕಾರಣ ಕೊಡಪ್ಪ. ಮನೇಲಿ ಮಾಡಿದ್ದು ಒಂದೇ ಒಂದು ತಿಂಡಿ ತಿನ್ನಿಸು. ಸಕ್ಕರೆ ಬೇಡ, ಉಪ್ಪು ಬೇಡ, ಪೊಟ್ಟಣದ್ದು ಬೇಡ. ತಿಂದಳು ಅಂದ್ರೆ ನಾನು ಅವರಿಗೆ ಬೇಡ ಅಂತೀನಿ."

ಅವಳು ಹೋದಳು. ನೆವಿಲ್ ಚಪ್ಪಲಿ ಕಚ್ಚುತ್ತಿದ್ದ ಮೊಮ್ಮಗಳನ್ನು ನೋಡಿದ.

ಅವನ ಹೆಂಡತಿ ನೋಲೀನ್ ತೀರಿಕೊಂಡು ಒಂಬತ್ತು ತಿಂಗಳಾಗಿತ್ತು. ವಾರದ ಬೇರೆ ಆರು ದಿನ ಆ ಮನೆಯಲ್ಲಿ ಸದ್ದು ಮಾಡುವುದು ನೀರು ಕಾಯಿಸುವ ಕೆಟಲ್ ಒಂದೇ. ಮಂಗಳವಾರ ಮಾತ್ರ ಯಾರೋ ಬಂದು ಚಪ್ಪಲಿ ಕಚ್ಚುತ್ತಿದ್ದರು. ಅದು ಹೋದರೆ ವಾರಕ್ಕೆ ಏಳೂ ದಿನ ಬುಧವಾರವಾದ ಹಾಗೆ.

ಅವನಿಗೆ ಅಡುಗೆ ಬರುತ್ತಿರಲಿಲ್ಲ. ಆದರೆ ಆಲೂಗಡ್ಡೆ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಫಿಟ್ಟರ್ ಆಗಿದ್ದವನು. ಕಾಗದದಲ್ಲಿ ಅಳತೆ ಬರೆದಿದ್ದರೆ ಅದರ ಪ್ರಕಾರ ಯಾವುದನ್ನು ಬೇಕಾದರೂ ಜೋಡಿಸಬಲ್ಲೆ ಎಂಬ ನಂಬಿಕೆ ಇತ್ತು. ನೋಲೀನಳ ಟ್ಯಾಬ್ಲೆಟ್ ತೆಗೆದ. ಕೊನೆಯ ಐದಾರು ವರ್ಷ ಅವಳು ಸಂಜೆ ಹೊತ್ತು ಅದನ್ನು ಮಡಿಲಲ್ಲಿಟ್ಟುಕೊಂಡು ಬೆರಳಾಡಿಸುತ್ತ ಕೂರುತ್ತಿದ್ದಳು. ಇಸ್ಪೀಟ್ ಆಡುತ್ತಾಳೆ ಎಂದು ಅವನ ತಿಳಿವಳಿಕೆ. ಟಿವಿಯ ಕಡೆಯಿಂದ ಕತ್ತು ತಿರುಗಿಸದೆ "ಗೆದ್ಯಾ?" ಎಂದು ಕೇಳುವನು. "ಇನ್ನೂ ಇಲ್ಲ," ಎನ್ನುವಳು. ಅವರ ದಾಂಪತ್ಯದ ಸಂಜೆಗಳು ಹೆಚ್ಚುಕಡಿಮೆ ಅಷ್ಟೇ.

ಟ್ಯಾಬ್ಲೆಟ್ಟಿನಲ್ಲಿ ಹುಡುಕಿದರೆ ಪುಟ್ಟ ಮಕ್ಕಳ ತಿಂಡಿಗೆ ಕೊನೆಯೇ ಇರಲಿಲ್ಲ. ಮೊದಲು ಕಂಡದ್ದು ಪಾಲಕ್ ಸೊಪ್ಪು, ಬಾಳೆಹಣ್ಣು ಸೇರಿಸಿ ಕಾವಲಿಯ ಮೇಲೆ ಹುಯ್ಯುವ ಪುಟ್ಟ ದೋಸೆಗಳು. ಚಿತ್ರದಲ್ಲಿ ಒಂದು ಮಗು ಅದನ್ನು ತಿಂದು ದೇವರನ್ನು ಕಂಡ ಹಾಗೆ ನಗುತ್ತಿತ್ತು. ನೆವಿಲ್ ಮಾಡಿದ್ದು ಹಳೆಯ ಕೊಳದ ತಳದ ಬಣ್ಣಕ್ಕೆ ಬಂತು. ಟಿಲಿ ಒಂದನ್ನು ಕೈಗೆ ತೆಗೆದುಕೊಂಡು ಎರಡೂ ಬದಿ ಪರೀಕ್ಷಿಸಿ, ಕಿಟಕಿಯ ಗಾಜಿಗೆ ಅಂಟಿಸಿದಳು. ಅದು ಅಲ್ಲೇ ನಿಂತಿತು.

ಎರಡನೆಯದು ಬೇಳೆ ಮತ್ತು ಕ್ಯಾರೆಟ್ಟಿನ ಉಂಡೆಗಳು. ಟಿಲಿ ಅವುಗಳಲ್ಲಿ ಏಳನ್ನು ಒಂದೊಂದಾಗಿ ಫ್ರಿಜ್ಜಿನ ಕೆಳಗೆ ಉರುಳಿಸಿ, ಎಂಟನೆಯದಕ್ಕೆ ಕೈ ಚಾಚಿದಳು.

"ತಿನ್ನೋದು ಕಣೇ," ಎಂದ ನೆವಿಲ್. "ಬಾಯಿಗೆ."

"ಹೋತು," ಎಂದಳು ಟಿಲಿ.

ಮೂರನೆಯದು ರಸ್ಕ್. ಬರೆದವರ ಹೆಸರಿನ ಜಾಗದಲ್ಲಿ 'ಮೂರನೇ ಡ್ರಾಯರ್' ಎಂದಿತ್ತು. ಆಸ್ಟ್ರೇಲಿಯಾದ ಎಲ್ಲ ಅಡುಗೆಮನೆಗಳಲ್ಲೂ ಮೊದಲ ಡ್ರಾಯರಿನಲ್ಲಿ ಚಮಚ ಚಾಕು, ಎರಡನೆಯದರಲ್ಲಿ ಸೌಟು, ಮೂರನೆಯದರಲ್ಲಿ ಎಲ್ಲಿಡಬೇಕೆಂದು ತಿಳಿಯದ ಎಲ್ಲ ಸಾಮಾನು ಇರುತ್ತವೆ. ಹೋದ ಶುಕ್ರವಾರವಷ್ಟೇ ನೆವಿಲ್ ತನ್ನ ಮನೆಯ ಮೂರನೇ ಡ್ರಾಯರನ್ನು ಒಂದು ರಟ್ಟಿನ ಡಬ್ಬಕ್ಕೆ ಸುರಿದು, ಹಳೇ ಸಾಮಾನು ಮಾರುವ ಧರ್ಮದ ಅಂಗಡಿಗೆ ಕೊಟ್ಟಿದ್ದ. ಹಾಗೆ ಮಾಡು ಎಂದದ್ದು ಪಕ್ಕದ ಮನೆಯ ಗ್ಲೆನಿಸ್. ಆ ಅಂಗಡಿಯಲ್ಲಿ ಪುಕ್ಕಟೆ ಕೆಲಸಕ್ಕೆ ಕೂರುವವಳು. "ಡ್ರಾಯರಿಂದ ಶುರು ಮಾಡು ನೆವ್. ಬಟ್ಟೆ ಬೀರು ಆಮೇಲೆ. ಡ್ರಾಯರು ಅಳಿಸಲ್ಲ," ಎಂದಿದ್ದಳು. ಅದು ನಿಜವಾಗಿತ್ತು. ಅವನು ಡಬ್ಬದೊಳಗೆ ಸರಿಯಾಗಿ ನೋಡಲೂ ಇಲ್ಲ.

ರಸ್ಕಿನ ಪುಟದಲ್ಲಿ ಚಿತ್ರವಿರಲಿಲ್ಲ. ಅದಕ್ಕೇ ಅವನಿಗೆ ಅದರ ಮೇಲೆ ನಂಬಿಕೆ ಬಂತು. ಒಂದು ಮೊಟ್ಟೆ, ಒಂದು ಮೆತ್ತಗಿನ ಪೇರ್ ಹಣ್ಣು, ಒಂದು ಚಮಚ ಬೆಣ್ಣೆ, ಹನ್ನೆರಡು ದೊಡ್ಡ ಚಮಚ ಓಟ್ಸ್ ಹಿಟ್ಟು. ಬೇಯಿಸಿ, ಕತ್ತರಿಸಿ, ಮತ್ತೆ ಬೇಯಿಸಿ. ಕೆಳಗೆ ಜನರ ಅಭಿಪ್ರಾಯಗಳು ಗಜಗಟ್ಟಲೆ ಇದ್ದವು. ಅವನ್ನು ಅವನು ಓದಲಿಲ್ಲ. ಯಂತ್ರದ ಜೊತೆ ಬರುವ ಪುಸ್ತಕದಲ್ಲಿ ಕೊನೆಯ ಪುಟಗಳನ್ನು ಯಾರೂ ಓದುವುದಿಲ್ಲ.

ರಸ್ಕ್ ಎಂದರೆ ಅವನಿಗೆ ಪರಿಚಯವೇ. ಬ್ರಯನಿಗೆ ಹಲ್ಲು ಬರುವಾಗ ನೋಲೀನ್ ಮಾಡುತ್ತಿದ್ದಳು. ಒಮ್ಮೆ ಕೆರೆಯ ದಂಡೆಗೆ ಡೇರೆ ಹಾಕಲು ಹೋದಾಗ, ಇಳಿಜಾರಿನಲ್ಲಿ ಟ್ರೇಲರ್ ಜಾರದ ಹಾಗೆ ಚಕ್ರಕ್ಕೆ ಅಡ್ಡ ಕಲ್ಲು ಬೇಕಾಗಿ, ನೆವಿಲ್ ಒಂದು ರಸ್ಕ್ ಇಟ್ಟಿದ್ದ. ಟ್ರೇಲರ್ ಎರಡು ದಿನ ಅಲ್ಲಾಡಿರಲಿಲ್ಲ. ಈ ಕತೆಯನ್ನು ಅವನು ಮೂವತ್ನಾಲ್ಕು ವರ್ಷ, ಸಿಕ್ಕ ಸಿಕ್ಕ ಕೂಟದಲ್ಲೆಲ್ಲ ಹೇಳಿದ್ದ. ಎಲ್ಲರೂ ನಗುತ್ತಿದ್ದರು. ನೋಲೀನಳೂ ನಗುತ್ತಿದ್ದಳು. ಮೊದಲ ಕೆಲವು ವರ್ಷ ಜೋರಾಗಿ, ಆಮೇಲೆ ತಟ್ಟೆಗಳನ್ನು ಎತ್ತುತ್ತ.

ಮೊದಲ ಡ್ರಾಯರಿನಿಂದ ಅಳತೆಯ ದೊಡ್ಡ ಚಮಚ ತೆಗೆದು, ಪ್ರತಿ ಚಮಚವನ್ನೂ ಉಕ್ಕಿನ ಸ್ಕೇಲಿನಿಂದ ಮಟ್ಟ ಮಾಡಿ, ಹನ್ನೆರಡು ಎಣಿಸಿದ. ಮುಕ್ಕಾಲು ಗಂಟೆಯ ಮೇಲೆ ಓವನ್ನಿನಿಂದ ಹೊರಬಂದದ್ದನ್ನು ತಟ್ಟೆಗೆ ಹಾಕಿದಾಗ ತಟ್ಟೆ ಬಿರುಕು ಬಿಟ್ಟಿತು.

ಗ್ಲೆನಿಸ್ ಆ ಸದ್ದಿಗೇ ಬೇಲಿಯ ಮೇಲಿಂದ ಕತ್ತು ಹಾಕಿದಳು. ಆಮೇಲೆ ಅಡುಗೆಮನೆಗೇ ಬಂದಳು. ಕಿಟಕಿಯ ಗಾಜಿನ ಮೇಲಿದ್ದ ಹಸಿರು ದೋಸೆಯನ್ನು ನೋಡಿದಳು. ರಸ್ಕನ್ನು ಎತ್ತಿ ಮೇಜಿಗೆ ಕುಟ್ಟಿದಳು.

"ಫ್ಯಾನ್ ಹಾಕಿದ್ಯಾ?"

"ಯಾವ ಫ್ಯಾನು?"

"ಓವನ್ ಫ್ಯಾನು. ಹಾಕದಿದ್ರೆ ಶಾಖ ಸುತ್ತಲ್ಲ. ಶಾಖ ಸುತ್ತದಿದ್ರೆ ಹೀಗೇ ಆಗೋದು. ನೋಲೀನ್ ಇದ್ದಿದ್ರೆ ಹೇಳಿರೋಳು. ಇನ್ನೊಂದು ಸಲ ಮಾಡು, ನಾನು ನೋಡ್ತೀನಿ. ಹಿಟ್ಟು ಇನ್ನೊಂದೆರಡು ಚಮಚ ಹಾಕು, ಹಗುರಾಗತ್ತೆ."

"ಅಳತೆ ಹನ್ನೆರಡು ಅಂತಿದೆ."

"ಅಳತೆ ಬರೆದವಳು ನಿನ್ನ ಅಡುಗೆಮನೇಲಿ ನಿಂತು ಬರೆದಿದಾಳಾ?"

ಗ್ಲೆನಿಸ್ ಜೊತೆ ನಲವತ್ತು ವರ್ಷ ಬೇಲಿ ಹಂಚಿಕೊಂಡ ಯಾರೂ ಅವಳ ಜೊತೆ ವಾದಿಸುವುದಿಲ್ಲ. ಹದಿನಾಲ್ಕು ಚಮಚ ಹಿಟ್ಟು, ಫ್ಯಾನಿನ ಗಾಳಿ. ಎರಡನೆಯ ಸುತ್ತಿನ ಮುಂದೆ ಮೊದಲನೆಯದು ಹತ್ತಿಯಂತಿತ್ತು. ಟಿಲಿ ಒಂದನ್ನು ಬಾಯಿಗೆ ಇಟ್ಟುಕೊಂಡಳು. ಅವಳು ಅದನ್ನು ಹೊರತೆಗೆದು, ತನ್ನ ಹಲ್ಲು ಇದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡಿಕೊಂಡು, ಅಳಲು ಶುರುಮಾಡಿದಳು.

"ದಪ್ಪ ಜಾಸ್ತಿ ಆಯ್ತು ಅಷ್ಟೇ," ಎಂದಳು ಗ್ಲೆನಿಸ್ ಕೈಚೀಲ ಎತ್ತಿಕೊಳ್ಳುತ್ತ. ಹನ್ನೆರಡಕ್ಕೆ ಅವಳ ಅಂಗಡಿ. "ಶೆಡ್ಡಲ್ಲಿ ಮರ ಕೊಯ್ಯೋ ಕೆಲ್ವಿನ್ ಹತ್ರ ತಗೊಂಡು ಹೋಗು. ಕಾಗದದ ಹಾಗೆ ಸೀಳಿಕೊಡ್ತಾನೆ. ತೆಳ್ಳಗಿದ್ರೆ ತಿಂತಾಳೆ."

ಮಾಡಬಾರದಿತ್ತು. ಆದರೆ ಗಂಟೆ ಹನ್ನೆರಡಾಗಿತ್ತು, ಐದು ಹತ್ತಿರವಾಗುತ್ತಿತ್ತು, ಅವನ ತಲೆಯಲ್ಲಿ ಬೇರೆ ಉಪಾಯವಿರಲಿಲ್ಲ. ರಸ್ಕುಗಳನ್ನೂ ಟ್ಯಾಬ್ಲೆಟ್ಟನ್ನೂ ತಳ್ಳುಗಾಡಿಯ ಚೀಲಕ್ಕೆ ಹಾಕಿ, ಮಗುವನ್ನು ಕೂರಿಸಿ, ಹೊರಟ.

ಗಂಡಸರ ಶೆಡ್ ಇರುವುದು ಗ್ಲೆನಿಸಳ ಅಂಗಡಿಯ ಹಿಂದಿನ ಅಂಗಳದಲ್ಲಿ. ಕೆಲಸದಿಂದ ನಿವೃತ್ತರಾದ ಊರ ಗಂಡಸರು ಅಲ್ಲಿ ಸೇರಿ ಮುರಿದ ಕುರ್ಚಿಗಳನ್ನು ಸರಿಮಾಡುತ್ತಾರೆ, ಇಲ್ಲವೇ ಸರಿಯಿದ್ದ ಕುರ್ಚಿಗಳನ್ನು ಬಿಚ್ಚಿ ನೋಡುತ್ತಾರೆ. ಕೆಲ್ವಿನ್ ಅದರ ಹಿರಿಯ. ಮರದ ಮಿಲ್ಲಿನಲ್ಲಿ ಬಾಳು ಸವೆಸಿದವನು. ನೆವಿಲ್ ಹೋದಾಗ ಅವನು ಒಂದು ತಗಡಿನ ಡಬ್ಬಿಯಲ್ಲಿ ಮರಕ್ಕೆ ಹಾಕುವ ಗಟ್ಟಿ ಅಂಟನ್ನು ಕಲಸುತ್ತಿದ್ದ.

"ಮಗೂನ ಕೆಲಸಕ್ಕೆ ಸೇರಿಸಿದ್ಯಾ?" ಎಂದು ಕೇಳಿದ ಕೆಲ್ವಿನ್.

"ಇದನ್ನ ಸೀಳಿಕೊಡು."

ಕೆಲ್ವಿನ್ ಕಲಸುತ್ತಿದ್ದ ಚಮಚವನ್ನು ಡಬ್ಬಿಯಲ್ಲೇ ನಿಲ್ಲಿಸಿ ರಸ್ಕನ್ನು ಬೆಳಕಿಗೆ ಹಿಡಿದ. "ಇದ್ಯಾವ ಮರ?"

"ಮರ ಅಲ್ಲ. ತಿಂಡಿ."

"ಯಾರು ಹೇಳಿದ್ದು?"

ಅವನು ಅದನ್ನು ಮರ ಬಿಗಿಹಿಡಿಯುವ ಕಬ್ಬಿಣದ ವೈಸಿಗೆ ಸಿಕ್ಕಿಸಿ ಹಿಡಿ ತಿರುಗಿಸಿದ. ವೈಸ್ ಕಿರುಗುಟ್ಟಿತು. ರಸ್ಕ್ ಸುಮ್ಮನಿತ್ತು. ಆಮೇಲೆ ಗರಗಸದ ಯಂತ್ರಕ್ಕೆ ಕೊಟ್ಟ. ಸದ್ದಿಗೆ ಹೆದರದಿರಲೆಂದು ಟಿಲಿಯ ಕಿವಿಗೆ ದೊಡ್ಡ ಹಳದಿ ಮುಚ್ಚಳಗಳನ್ನು ಹಾಕಿದ್ದರು. ಕೈಗೆ ಕೆಲ್ವಿನ್ನನ ಚಪ್ಪಟೆ ಪೆನ್ಸಿಲ್ ಸಿಕ್ಕಿ ಅವಳು ಬೆಳಗಿನಿಂದ ಮೊದಲ ಸಲ ಏನನ್ನೋ ಆಸೆಪಟ್ಟು ಜಗಿಯುತ್ತಿದ್ದಳು. ಮುಖದ ಮೇಲೆಲ್ಲ ಮರದ ಹೊಟ್ಟು. ಯಂತ್ರ ಕೀರಲು ಕೂಗಿ ನಿಂತಿತು. ಬ್ಲೇಡಿನ ಮೂರು ಹಲ್ಲು ಹೋಗಿದ್ದವು.

"ನಿನ್ನ ಮಗಳಿಗೆ ಹೇಳು, ಹಲ್ಲು ಕಟ್ಟಿಕೊಡಲಿ," ಎಂದ ಕೆಲ್ವಿನ್.

ಕೂಗು ಕೇಳಿ ಗ್ಲೆನಿಸ್ ಅಂಗಡಿ ಬಿಟ್ಟು ಓಡಿಬಂದಳು. ನಗು ತಡೆಯದೆ ಫೋನ್ ತೆಗೆದು ಒಂದು ಚಿತ್ರ ತೆಗೆದುಕೊಂಡಳು. ನೆವಿಲ್ ಒಂದು ಪೆಟ್ಟಿಗೆಯ ಮೇಲೆ ಕೂತುಬಿಟ್ಟಿದ್ದ. ಕೈಲಾಗದವನಿಗೆ ಬರುವ ಸಿಟ್ಟು ಅವನಿಗೆ ಬಂತು. ಅದನ್ನು ಹಾಕಲು ಒಂದು ಜಾಗ ಬೇಕಿತ್ತು. ಟ್ಯಾಬ್ಲೆಟ್ ತೆಗೆದು ರಸ್ಕಿನ ಪುಟದ ಅಭಿಪ್ರಾಯದ ಚೌಕದಲ್ಲಿ ಒಂದೇ ಬೆರಳಿನಿಂದ ಕುಟ್ಟತೊಡಗಿದ.

"ಏನು ಬರೀತಿದೀಯ?" ಎಂದ ಕೆಲ್ವಿನ್.

"ಇಟ್ಟಿಗೆ ಸುಡುವವರು ಅಡುಗೆ ಬರೆಯಬಾರದು, ಅಂತ."

"ಚೆನ್ನಾಗಿದೆ. ಟ್ರೇಲರ್ ಕತೆ ಹಾಕು."

ನೆವಿಲ್ ಅದನ್ನೂ ಹಾಕಿದ. ಇದನ್ನು ಟ್ರೇಲರ್ ಚಕ್ರಕ್ಕೆ ಅಡ್ಡ ಇಟ್ಟರೆ ಎಂಥ ಇಳಿಜಾರಿನಲ್ಲೂ ಎರಡು ದಿನ ನಿಲ್ಲುತ್ತದೆ.

"ಮಗೂನ ಯಾವತ್ತಾದ್ರೂ ಕಣ್ಣಲ್ಲಿ ಕಂಡಿದೀರಾ, ಅಂತ ಕೇಳು," ಎಂದಳು ಗ್ಲೆನಿಸ್.

ಅದೂ ಆಯಿತು.

"ಕೊನೇಲಿ," ಎಂದ ಕೆಲ್ವಿನ್ ಅಂಟಿನ ಡಬ್ಬಿಯ ಕಡೆ ತಿರುಗುತ್ತ, "ನಿಮ್ಮ ಗಂಡನಿಗೆ ನನ್ನ ಸಂತಾಪ, ಅಂತ ಬರಿ."

ಮೂವರೂ ನಕ್ಕರು. ನೆವಿಲ್ ಬರೆದು ಒತ್ತಿದ. ಹೆಸರು, ಊರು ಏನೂ ಕೇಳದೆ ಸೀದಾ ಹೋಯಿತು. ಈ ಕಾಲದಲ್ಲಿ ಬೈಯುವುದು ಎಷ್ಟು ಸಲೀಸು ಎಂದುಕೊಂಡ. ಅಷ್ಟರಲ್ಲಿ ಕೆಲ್ವಿನ್ ಡಬ್ಬಿಯಿಂದ ಚಮಚ ಎಳೆಯಲು ನೋಡುತ್ತಿದ್ದ. ಅದು ಬರಲಿಲ್ಲ. "ಹೋಯ್ತು, ಕಚ್ಚಿಕೊಂಡ್ತು. ಒಳ್ಳೇ ಚಮಚ. ಶನಿವಾರ ಗ್ಲೆನಿಸ್ ಅಂಗಡೀಲಿ ಸಿಕ್ಕಿದ್ದು. ಹಿಂದಿನ ಕಾಲದ್ದು, ಬಾಗೋದೇ ಇಲ್ಲ." ನೆವಿಲ್ ನೋಡಿದ. ಚಿಕ್ಕದು, ಹಿಡಿಯ ತುದಿಯಲ್ಲಿ ಒಂದು ತೂತು. ಬಾಗುವುದಿಲ್ಲ ಎಂದು ಅವನೂ ಒಪ್ಪಿದ.

ಎರಡು ಗಂಟೆಗೆ ಟಿಲಿ ಖಾಲಿ ಹೊಟ್ಟೆಯಲ್ಲಿ, ಹಾಲು ಕುಡಿದು, ಅವನ ಮಂಚದ ಮೇಲೆ ನಿದ್ದೆ ಹೋದಳು. ನೆವಿಲ್ ಫ್ರಿಜ್ಜಿನ ಕೆಳಗಿಂದ ಪೊರಕೆಯ ಕಡ್ಡಿಯಲ್ಲಿ ಉಂಡೆಗಳನ್ನು ಎಳೆಯುತ್ತಿದ್ದಾಗ ಟ್ಯಾಬ್ಲೆಟ್ ಟಿಂಗ್ ಎಂದಿತು. ಮತ್ತೆ ಟಿಂಗ್. ಆಮೇಲೆ ಬಿಡುವೇ ಇಲ್ಲ.

ಜಗಳಕ್ಕೆ ಬಂದಿದ್ದಾರೆ ಎಂದುಕೊಂಡು ಕನ್ನಡಕ ಹಾಕಿಕೊಂಡ.

ಮೊದಲನೆಯದರಲ್ಲಿ ಹೀಗಿತ್ತು: "ಮೂರನೇ ಡ್ರಾಯರ್, ಬಂದ್ರಾ? ಒಂಬತ್ತು ತಿಂಗಳಾಯ್ತು ಅಕ್ಕಾ. ನಾವೆಲ್ಲ ಏನೇನೋ ಅಂದ್ಕೊಂಡಿದ್ವಿ. ಸದ್ಯ."

ಎರಡನೆಯದು: "ನಿಮ್ಮ ರಸ್ಕನ್ನ ನೀವೇ ಬೈಕೊಂಡಿದೀರಲ್ಲ. ಮೈ ಹುಷಾರಾಗಿದೆ ತಾನೆ?"

ಮೂರನೆಯದು: "ನನ್ನ ಎರಡನೇ ಮಗೂಗೂ ಇದೇ ಮಾಡ್ತಿದೀನಿ ಅಕ್ಕ. ನಿಮ್ಮನ್ನ ನೆನೆಯದ ದಿನ ಇಲ್ಲ."

ಇವರಿಗೆಲ್ಲ ತಲೆ ಕೆಟ್ಟಿದೆ ಎಂದು ನೆವಿಲ್‌ಗೆ ಅನಿಸಿತು. ತಾನು ಬರೆದದ್ದು ಎಲ್ಲಿದೆ ಎಂದು ಹುಡುಕಿದ. ಇತ್ತು. ಅದರ ತಲೆಯ ಮೇಲೆ, ಬರೆದವರ ಹೆಸರಿನ ಜಾಗದಲ್ಲಿ, 'ಮೂರನೇ ಡ್ರಾಯರ್' ಎಂದಿತ್ತು.

ಅವನು ಅದನ್ನು ನೋಡುತ್ತಿರುವಾಗಲೇ ಇನ್ನೊಂದು ಬಂತು. "ಇದು ಅಕ್ಕ ಅಲ್ಲ ಕಣ್ರೀ. ಟ್ರೇಲರ್ ಚಕ್ರ ಅಂತಿದೆ, ಸರಿಯಾಗಿ ಓದಿ. ಇದು ಅವರ ಗಂಡ."

"ಹೌದು, ಗಂಡನೇ. ಮತ್ತೆ ತಮ್ಮ ದೊಡ್ಡ ಚಮಚದಲ್ಲೇ ಅಳೆದಿದ್ದಾರೆ."

"ಸರ್, ಆಸ್ಟ್ರೇಲಿಯಾದ ದೊಡ್ಡ ಚಮಚ ಇಪ್ಪತ್ತು ಮಿಲಿ. ಪ್ರಪಂಚದಲ್ಲಿ ಇನ್ಯಾರದ್ದೂ ಅಷ್ಟು ದೊಡ್ಡದಿಲ್ಲ. ಅಕ್ಕನದು ನ್ಯೂಜಿಲೆಂಡಿನದು, ಹದಿನೈದು. ಹಿಡೀಲಿ ತೂತಿದೆಯಂತೆ. ಮೂರನೇ ಡ್ರಾಯರಲ್ಲಿ ಇರತ್ತೆ ಅಂತ ಅವರೇ ಬರೀತಿದ್ರು. ನೋಡಿ."

ನೋಲೀನ್ ಮದುವೆಯಾಗಿ ಬಂದದ್ದು ನ್ಯೂಜಿಲೆಂಡಿನ ಗೋರ್ ಎಂಬ ಊರಿನಿಂದ. ಬರುವಾಗ ಒಂದು ಸೂಟ್‌ಕೇಸು, ಒಂದಷ್ಟು ಅಡುಗೆ ಸಾಮಾನು ತಂದಿದ್ದಳು. ಅದರಲ್ಲಿ ಏನೇನಿತ್ತು ಎಂದು ಅವನು ಕೇಳಿರಲಿಲ್ಲ.

ಅವನು ಕೂತ. ಬೆಳಗ್ಗೆ ಓದದೆ ಬಿಟ್ಟಿದ್ದ ಗಜಗಟ್ಟಲೆ ಅಭಿಪ್ರಾಯಗಳನ್ನು ಕೆಳಗಿನಿಂದ, ಐದು ವರ್ಷದ ಹಿಂದಿನಿಂದ, ಓದತೊಡಗಿದ. ಅರ್ಧಕ್ಕರ್ಧ ಅವಳೇ ಬರೆದ ಉತ್ತರಗಳು. ಯಾರದ್ದೋ ಮಗುವಿಗೆ ಮೊಟ್ಟೆ ಆಗದಿದ್ದರೆ ಏನು ಹಾಕಬೇಕು, ಯಾರೋ ಮೂರು ದಿನದಿಂದ ನಿದ್ದೆ ಮಾಡಿಲ್ಲ ಎಂದಾಗ ಒಲೆ ಆರಿಸಿ ಮಲಗಿ ಎಂಬ ಮಾತು. ಮಾತು ಕಡಿಮೆ ಎಂದು ಅವನು ತಿಳಿದಿದ್ದ ಹೆಂಗಸು ಅಲ್ಲಿ ಪುಟಗಟ್ಟಲೆ ಮಾತಾಡಿದ್ದಳು.

ಒಂದು ಕಡೆ ಬರೆದಿದ್ದಳು: "ನಮ್ಮವರು ಈಗ 'ಗೆದ್ಯಾ' ಅಂತ ಕೇಳ್ತಿದ್ದಾರೆ. ಇಸ್ಪೀಟ್ ಆಡ್ತೀನಿ ಅಂದುಕೊಂಡಿದ್ದಾರೆ. ಇರಲಿ."

ಇನ್ನೊಂದು ಕಡೆ, ರಸ್ಕ್ ಗಟ್ಟಿಯಾಯಿತು ಎಂದು ಯಾರೋ ಕೊರಗಿದ್ದಕ್ಕೆ: "ಚಮಚ ನೋಡಿಕೊಳ್ಳಿ. ನಂಗೂ ಒಂದು ಸಲ ಹಾಗಾಗಿತ್ತು. ಮಗಳು ಎಂಟು ತಿಂಗಳವಳು, ನಂಗೆ ಜ್ವರ. ಹಿಟ್ಟು ಅಳೆದುಕೊಟ್ಟವರು ನಮ್ಮವರು, ಅವರ ಚಮಚದಲ್ಲಿ. ಅದನ್ನೇ ಟ್ರೇಲರ್ ಚಕ್ರಕ್ಕೆ ಇಟ್ಟು ಮೂವತ್ತು ವರ್ಷದಿಂದ ಎಲ್ಲರಿಗೂ ಹೇಳ್ಕೊಂಡು ಬಂದಿದ್ದಾರೆ."

"ಅಳೆದದ್ದು ಅವರೇ ಅಂತ ಅವರಿಗೆ ಯಾಕೆ ಹೇಳಲಿಲ್ಲ ಅಕ್ಕ?" ಎಂದು ಯಾರೋ ಕೇಳಿದ್ದರು.

ಅದಕ್ಕೆ ಅವಳ ಉತ್ತರ ಒಂದೇ ಸಾಲು. "ಅವರಿಗೆ ಇರೋದು ಅದೊಂದೇ ಕತೆ."

ನೆವಿಲ್ ಕನ್ನಡಕ ತೆಗೆದು ಒರೆಸಿದ. ಕನ್ನಡಕ ಸ್ವಚ್ಛವಾಗಿಯೇ ಇತ್ತು. ಎದ್ದುಹೋಗಿ ಮೂರನೇ ಡ್ರಾಯರ್ ಎಳೆದ. ಅದರೊಳಗೆ ಶುಕ್ರವಾರ ಅವನೇ ಒರೆಸಿಟ್ಟ ಬಿಳಿ ತಳ. ಚಮಚವನ್ನು ಹುಡುಕುವ ಅಗತ್ಯವಿರಲಿಲ್ಲ. ಅದು ಎಲ್ಲಿದೆ, ಹೇಗಿದೆ ಎಂದು ಮೂರು ತಾಸಿನ ಹಿಂದೆ ಅವನು ಕಣ್ಣಾರೆ ನೋಡಿದ್ದ. ಬಾಗುವುದಿಲ್ಲ ಎಂದು ಒಪ್ಪಿಯೂ ಇದ್ದ.

ಗಂಟೆ ಮೂರೂವರೆ. ಟಿಲಿ ಎದ್ದು ಹಸಿವಿನಿಂದ ಕೂಗತೊಡಗಿದಳು.

ಫಿಟ್ಟರನ ಬುದ್ಧಿ ಆಗ ಕೈಹಿಡಿಯಿತು. ಚಹಾ ಚಮಚ ಐದು ಮಿಲಿ. ಅದು ಎಲ್ಲರದ್ದೂ ಒಂದೇ. ಅದರಲ್ಲಿ ಮೂರು ಹಾಕಿದರೆ ಅವಳ ಒಂದು. ಮೂವತ್ತಾರು ಚಹಾ ಚಮಚ ಹಿಟ್ಟು. ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು, ಸ್ಕೇಲಿನಿಂದ ಮಟ್ಟ ಮಾಡುತ್ತ ಗಟ್ಟಿಯಾಗಿ ಎಣಿಸಿದ. ಹದಿನೇಳಕ್ಕೆ ಟಿಲಿ ಒಂದು ಕೈ ಹಿಟ್ಟು ತೆಗೆದು ಅವನ ತಲೆಗೆ ಹಾಕಿದಳು. ಮೊದಲಿನಿಂದ ಎಣಿಸಿದ. ಫ್ಯಾನ್ ಹಾಕಲಿಲ್ಲ.

ಈ ಸಲ ಅಡುಗೆಮನೆಯ ತುಂಬ ಒಂದು ವಾಸನೆ ಬಂತು. ಅದು ಆ ಮನೆಗೆ ಹೊಸದಲ್ಲ. ಮೂವತ್ನಾಲ್ಕು ವರ್ಷ ಹಿಂದಿನದು. ನೆವಿಲ್ ಓವನ್ನಿಗೆ ಬೆನ್ನು ಮಾಡಿ ನಿಂತ.

ನಾಲ್ಕೂ ಮುಕ್ಕಾಲಿಗೆ ಟಿಲಿ ಒಂದು ರಸ್ಕನ್ನು ಕೈಗೆ ತೆಗೆದುಕೊಂಡಳು. ಕಿಟಕಿಯ ಕಡೆ ನೋಡಿದಳು, ಫ್ರಿಜ್ಜಿನ ಕಡೆ ನೋಡಿದಳು. ಬಾಯಿಗೆ ಇಟ್ಟುಕೊಂಡಳು. ಕರ್ ಎಂದು ಸಣ್ಣ ಸದ್ದಾಯಿತು. ಇನ್ನೊಂದಕ್ಕೆ ಕೈ ಚಾಚಿದಳು.

ಐದಕ್ಕೆ ಹತ್ತು ನಿಮಿಷ ಇರುವಾಗ ಬ್ರಯನಿ ಬಂದಳು. ಮಗಳ ಗಲ್ಲದಿಂದ ಕಿವಿಯವರೆಗೆ ರಸ್ಕಿನ ಲೇಪ. ಅಪ್ಪನ ತಲೆ ಬೆಳ್ಳಗೆ. ಅವಳು ಏನೋ ಹೇಳಲು ಬಾಯಿ ತೆರೆದವಳು, ವಾಸನೆಗೆ ನಿಂತಳು. ತಟ್ಟೆಯಿಂದ ಒಂದನ್ನು ಎತ್ತಿಕೊಂಡು ಕಚ್ಚಿದಳು. ಆಮೇಲೆ ಕೈಚೀಲ ಹೆಗಲಲ್ಲಿರುವಂತೆಯೇ ಸ್ಟೂಲಿನ ಮೇಲೆ ಕೂತಳು.

"ಅಮ್ಮನದು," ಎಂದಳು.

"ಹ್ಞೂಂ."

"ನಿಂಗೆ ಹೇಗೆ ಗೊತ್ತಾಯ್ತು?"

"ಇದರಲ್ಲಿ ಯಾರೋ ಒಬ್ಬರು ಬರೆದಿದ್ರು," ಎಂದ ನೆವಿಲ್, ಟ್ಯಾಬ್ಲೆಟ್ಟನ್ನು ಮಗುಚಿಡುತ್ತ.

"ಪುಣ್ಯಾತ್ಗಿತ್ತಿ. ಅವರಿಗೆ ಒಂದು ಒಳ್ಳೇ ಮಾತು ಬರೆದ್ಯಾ?"

"ಬರೆದೆ."

ಟಿಲಿ ತಿನ್ನುತ್ತಲೇ ಇದ್ದಳು. ನೆವಿಲ್ ಗಡಿಯಾರ ನೋಡಿದ.

"ಇನ್ನೂ ಎಂಟು ನಿಮಿಷ ಇದೆ. ಅವರಿಗೆ ಫೋನ್ ಮಾಡಿಬಿಡು. ಜಾಗ ಬೇಡ ಅಂತ."

ಬ್ರಯನಿ ರಸ್ಕನ್ನು ಕೆಳಗಿಟ್ಟಳು. "ಒಂದು ಗಂಟೆಗೇ ಮಾಡಿದೆನಪ್ಪ. ಬೇಕು ಅಂದೆ."

"ಒಂದು ಗಂಟೆಗೆ ನಿಂಗೇನು ಗೊತ್ತಿತ್ತು?"

ಅವಳು ಫೋನ್ ತೆಗೆದು ತೋರಿಸಿದಳು. ಗ್ಲೆನಿಸ್ ಕಳಿಸಿದ ಚಿತ್ರ. ಮುಂದೆ ವೈಸಿನಲ್ಲಿ ಸಿಕ್ಕಿಸಿದ ರಸ್ಕ್. ಹಿಂದೆ ಗರಗಸದ ಯಂತ್ರ. ಅದರ ಪಕ್ಕ ತಳ್ಳುಗಾಡಿಯಲ್ಲಿ, ಕಿವಿಗೆ ಹಳದಿ ಮುಚ್ಚಳ ಹಾಕಿಕೊಂಡು, ಮರದ ಹೊಟ್ಟು ಮೆತ್ತಿಕೊಂಡು, ಪೆನ್ಸಿಲ್ ಜಗಿಯುತ್ತಿರುವ ಟಿಲಿ. ಕೆಳಗೆ ಗ್ಲೆನಿಸ್ ಬರೆದಿದ್ದಳು: "ಕೊನೆಗೂ ತಿಂತಿದಾಳೆ."

"ಒಬ್ಬರ ಬಾಯೊಳಗೆ ಕೈ ಇಟ್ಟುಕೊಂಡು ಇದನ್ನ ನೋಡಿದೆ," ಎಂದಳು ಬ್ರಯನಿ. "ಅವರಿಗೆ ನೋವಾಯ್ತು."

"ಈಗ ಬೇಡ ಅನ್ನೋಕಾಗಲ್ವಾ?"

"ವರ್ಷದ ಕೊನೇವರೆಗೂ ಸಹಿ ಹಾಕಿದೀನಿ. ಹಿಂದೆ ಹನ್ನೊಂದು ಜನ ಕಾಯ್ತಿದ್ರಂತೆ." ಅವಳ ದನಿ ಇಳಿದಿತ್ತು. "ಹನ್ನೆರಡಕ್ಕೆ ಇದನ್ನ ಮಾಡಿದ್ರೆ ಆಗ್ತಿತ್ತಲ್ಲಪ್ಪ."

"ಆಗ್ತಿತ್ತು."

ಹೋಗುವ ಮುಂಚೆ ಅವಳು ಉಳಿದ ರಸ್ಕುಗಳನ್ನು ಡಬ್ಬಿಗೆ ತುಂಬಿಕೊಂಡಳು. "ಅಲ್ಲಿಯ ತಿಂಡಿ ಒಗ್ಗೋವರೆಗೂ ಮನೇದು ತರಬಹುದಂತೆ. ಸೋಮವಾರ ಸೋಮವಾರ ಮಾಡಿಕೊಡ್ತೀಯಾ? ನಾನು ಬಂದು ತಗೊಂಡು ಹೋಗ್ತೀನಿ. ಒಳಗೆ ಬರೋಕೆ ಪುರುಸೊತ್ತಿರಲ್ಲ. ನೀನು ಗೇಟಿನ ಹತ್ರ ತಂದುಕೊಟ್ರೆ ಸಾಕು."

"ಮಾಡ್ತೀನಿ," ಎಂದ ನೆವಿಲ್.

ಟಿಲಿ ಕಾರಿನ ಕಿಟಕಿಯಿಂದ ರಸ್ಕ್ ಹಿಡಿದ ಕೈ ಬೀಸಿದಳು.

ಫೋನಿನಲ್ಲಿ ಕರೆದ ಮೇಲೆ ಕೆಲ್ವಿನ್ ಆರು ಗಂಟೆಗೆ ಅಂಟಿನ ಡಬ್ಬಿ ತಂದುಕೊಟ್ಟ. ಒಣಗಿದ ಅಂಟಿನ ನಡುವೆ ಚಮಚ ನೆಟ್ಟಗೆ ನಿಂತಿತ್ತು. ಹಿಡಿಯ ತೂತಿನ ಕೆಳಗೆ ಹದಿನೈದು ಎಂಬ ಅಂಕಿ ಅರ್ಧ ಕಾಣುತ್ತಿತ್ತು.

"ಇದನ್ನ ತಗೊಂಡು ಏನ್ ಮಾಡ್ತೀಯೋ," ಎಂದ ಕೆಲ್ವಿನ್. "ಸುತ್ತಿಗೆ ಹಾಕಿದ್ರೂ ಬಿಡಲ್ಲ ಅದು. ಅಂಟು ಅಂದ್ರೆ ಅಂಟು."

"ಇರಲಿ."

ನೆವಿಲ್ ಡಬ್ಬಿಯನ್ನು ಮೂರನೇ ಡ್ರಾಯರಿನಲ್ಲಿಟ್ಟು ತಳ್ಳಿದ. ಚಮಚದ ಹಿಡಿ ಮೇಲೆ ತಗುಲಿ ಡ್ರಾಯರು ನಾಲ್ಕು ಬೆರಳು ಹೊರಗೇ ನಿಂತಿತು. ಹಾಗೇ ಬಿಟ್ಟ.

ಟ್ಯಾಬ್ಲೆಟ್ ಇನ್ನೂ ಟಿಂಗ್ ಎನ್ನುತ್ತಿತ್ತು. ಪೇರ್ ಹಣ್ಣಿನ ಕಾಲ ಮುಗಿಯಿತು, ಸೇಬು ಹಾಕಬಹುದೇ ಎಂದು ಒಬ್ಬಳು ಕೇಳಿದ್ದಳು. ಅಕ್ಕನನ್ನು ಕರೆಯಿರಿ ಸರ್ ಎಂದು ಇಬ್ಬರು ಬರೆದಿದ್ದರು. ನೆವಿಲ್ ಉತ್ತರ ಬರೆಯಲು ಕೂತ. "ಹೋದ ಜುಲೈನಲ್ಲಿ ತೀರಿಕೊಂಡಳು" ಎಂದು ಕುಟ್ಟಿ, ಅದರ ಮೇಲೆ ಅವಳ ಹೆಸರು ಕೂರುವುದನ್ನು ನೆನೆದು, ಅಳಿಸಿದ. ಮತ್ತೆ ಕುಟ್ಟಿದ. ಮತ್ತೆ ಅಳಿಸಿದ. ಕೊನೆಗೆ ಹೀಗೆ ಕಳಿಸಿದ:

"ನಾನು ಗಂಡ. ಆವತ್ತು ಹಿಟ್ಟು ಅಳೆದದ್ದು ನಾನೇ. ಅವಳು ಈಗಿಲ್ಲ. ಚಮಚ ಇದೆ, ಆದರೆ ಅಂಟಿನಲ್ಲಿದೆ. ಸೇಬು ಹಾಕಿ ನೋಡಿ ಸೋಮವಾರ ಹೇಳುತ್ತೇನೆ. ಮಂಗಳವಾರ ನನಗೆ ಬಿಡುವೇ."